ಕದ್ದು ರೂಮ್ ಖಾಲಿ ಮಾಡಿದ ರೂಮ್‌ಮೇಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪಿಜಿಗಳಲ್ಲಿ, ಇಬ್ಬರು ಮೂವರು ಸೇರಿ ಹಿಡಿದ ಬಾಡಿಗೆ ಮನೆಗಳಲ್ಲಿ ಇರುವವರಿಗಾಗಿ ಈ ಉತ್ತರಗಳು. ಕಾನೂನಿನ ಮಾತು ಮೈಸೂರು, ಹುಬ್ಬಳ್ಳಿ, ಮಂಗಳೂರಿಗೂ ಅಷ್ಟೇ ಅನ್ವಯ. 2024ರ ಜುಲೈ 1ರಿಂದ ಹಳೆಯ ಐಪಿಸಿ, ಸಿಆರ್‌ಪಿಸಿಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿವೆ. ಐಟಿ ಕಾಯ್ದೆಯದೊಂದನ್ನು ಬಿಟ್ಟರೆ ಕೆಳಗಿನ ಕಲಂಗಳೆಲ್ಲ ಹೊಸ ಕಾಯ್ದೆಗಳವು.

ಈಗಷ್ಟೇ ಗೊತ್ತಾಯಿತು, ಕೈಕಾಲು ಆಡುತ್ತಿಲ್ಲ. ಮೊದಲು ಏನು ಮಾಡಲಿ?

ಹೋದ ವಸ್ತುವಿಗಿಂತ ಇನ್ನೂ ಹೋಗಬಹುದಾದ ದುಡ್ಡನ್ನು ಮೊದಲು ಕಾಪಾಡಿ. ಫೋನ್ ಅಥವಾ ಕಾರ್ಡ್ ಕಾಣದಿದ್ದರೆ ಬೇರೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ ಎರಡನ್ನೂ ನಿಲ್ಲಿಸಿ, ಆಮೇಲೆ ಸಿಮ್ ಬ್ಲಾಕ್ ಮಾಡಿಸಿ. ಇಷ್ಟಕ್ಕೆ ಇಪ್ಪತ್ತು ನಿಮಿಷ ಸಾಕು.

ನಂತರ ಕೋಣೆಯನ್ನು ಹಾಗೇ ಬಿಡಿ, ಗುಡಿಸಬೇಡಿ, ಬೀರು ಜೋಡಿಸಬೇಡಿ. ಬಾಗಿಲು, ಬೀಗ, ತೆರೆದ ಬೀರು, ಖಾಲಿ ಮಂಚ, ಬಿಟ್ಟುಹೋದ ಸಾಮಾನು ಎಲ್ಲದರ ಫೋಟೊ ತೆಗೆಯಿರಿ. ಬೀಗ ಒಡೆದಿದೆಯೋ, ಕೀಲಿಯಿಂದಲೇ ತೆಗೆದಿದ್ದಾರೋ ಅನ್ನುವುದು ತನಿಖೆಯಲ್ಲಿ ಮುಖ್ಯ. ಒಳಗಿದ್ದವರೇ ತೆಗೆದರೋ ಹೊರಗಿನವರು ಬಂದರೋ ಎಂಬುದರ ಮೊದಲ ಸುಳಿವು ಅದೇ.

ಮೂರನೆಯದು ಪಟ್ಟಿ. ವಸ್ತು, ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಕೊಂಡ ತಿಂಗಳು, ಬೆಲೆ, ಕೊನೆಯ ಬಾರಿ ಕಣ್ಣಾರೆ ನೋಡಿದ ದಿನ ಮತ್ತು ಹೊತ್ತು. ಎಷ್ಟೋ ದೂರುಗಳು ಬಿದ್ದುಹೋಗುವುದು ಕದ್ದವರು ಯಾರೆಂದು ತಿಳಿಯದೆ ಅಲ್ಲ, ಸಿಕ್ಕಿದ ವಸ್ತು ದೂರುದಾರರದ್ದೇ ಅಂತ ತೋರಿಸಲಾಗದೆ. ಬಿಲ್ ಹುಡುಕಲು ಆನ್‌ಲೈನ್ ಅಂಗಡಿಯ ಹಳೆಯ ಆರ್ಡರ್‌ಗಳನ್ನು, ಇಮೇಲನ್ನು ನೋಡಿ. ಸೀರಿಯಲ್ ನಂಬರ್ ಡಬ್ಬದ ಮೇಲೂ, ವಾರಂಟಿ ನೋಂದಣಿಯಲ್ಲೂ ಇರುತ್ತದೆ.

ಅವನೇ ಕದ್ದ ಅಂತ ನನಗೆ ಖಾತ್ರಿ, ಆದರೆ ಕಣ್ಣಾರೆ ನೋಡಿಲ್ಲ. ಹೆಸರು ಬರೆಯಬಹುದೆ?

ಬರೆಯಬಹುದು, ಅನುಮಾನ ಎಂದು. "ಇವರೇ ಕದ್ದಿದ್ದಾರೆ" ಎನ್ನುವ ಬದಲು "ಇವರ ಮೇಲೆ ಅನುಮಾನವಿದೆ, ಕಾರಣ ಇವು" ಎಂದು ಬರೆದು ಕಾರಣಗಳನ್ನು ಒಂದೊಂದಾಗಿ ಕೊಡಿ: ಕೋಣೆಯ ಕೀಲಿ ನಿಮ್ಮಿಬ್ಬರ ಹತ್ತಿರ ಮಾತ್ರ ಇತ್ತು, ಬೆಳಿಗ್ಗೆ 9ಕ್ಕೆ ನೀವು ಹೊರಟಾಗ ವಸ್ತು ಇತ್ತು, ಮಧ್ಯಾಹ್ನ ಅವರು ಹೇಳದೆ ಖಾಲಿ ಮಾಡಿದರು, ಆಗಿನಿಂದ ಫೋನ್ ಆಫ್. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಡುವುದು ಬಿಎನ್‌ಎಸ್ 217ರಡಿ ಅಪರಾಧ. ಕಾರಣ ಹೇಳಿ ವ್ಯಕ್ತಪಡಿಸಿದ ಪ್ರಾಮಾಣಿಕ ಅನುಮಾನ ಅದರಲ್ಲಿ ಬರುವುದಿಲ್ಲ. ಮನೆಗೆಲಸದವರು, ಓನರ್, ಗೆಳೆಯರು ಅಂತ ಇನ್ನೂ ಯಾರ ಬಳಿಯಾದರೂ ಕೀಲಿ ಇದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಆಮೇಲೆ ಹೊರಬಿದ್ದರೆ ಇಡೀ ದೂರಿನ ನಂಬಿಕೆ ಹೋಗುತ್ತದೆ.

ಅವಳಿಗೇ ಫೋನ್ ಮಾಡಿ ಕೇಳಿದರೆ ತಪ್ಪೇ?

ತಪ್ಪಲ್ಲ, ಆದರೆ ಕರೆಗಿಂತ ಮೆಸೇಜ್ ಒಳ್ಳೆಯದು. ಸಾಮಾನು ಕಟ್ಟುವಾಗ ಚಾರ್ಜರ್, ಇಸ್ತ್ರಿ ಪೆಟ್ಟಿಗೆ ಬೆರೆತುಹೋಗುವುದು ನಿಜಕ್ಕೂ ಉಂಟು. ಹೀಗೆ ಕಳುಹಿಸಿ: "ನೀನು ಖಾಲಿ ಮಾಡಿದ ಮೇಲೆ ನನ್ನ ಈ ವಸ್ತುಗಳು ಕಾಣುತ್ತಿಲ್ಲ. ನಿನ್ನ ಸಾಮಾನಿನ ಜೊತೆ ಬಂದಿದ್ದರೆ ನಾಳೆ ಸಂಜೆ 6ರೊಳಗೆ ತಂದುಕೊಡು, ಇಲ್ಲವೆ ಎಲ್ಲಿಗೆ ಬಂದು ತೆಗೆದುಕೊಳ್ಳಲಿ ಹೇಳು." ಬೈಗುಳ, ಬೆದರಿಕೆ ಬೇಡ. "ಹೌದು ನನ್ನ ಹತ್ತಿರ ಇದೆ" ಎಂಬ ಒಂದು ಸಾಲಿನ ಉತ್ತರಕ್ಕೆ ದೊಡ್ಡ ಬೆಲೆ ಇದೆ. ನಿಮ್ಮ ಬೆದರಿಕೆಯ ಮೆಸೇಜಿಗೂ ಅಷ್ಟೇ ಬೆಲೆ ಇದೆ, ಅದು ಅವರ ಕೈಯಲ್ಲಿರುತ್ತದೆ.

ಚಿನ್ನ, ಫೋನ್, ಲ್ಯಾಪ್‌ಟಾಪ್, ನಗದು ಹೋಗಿದ್ದರೆ ಮಾತ್ರ ಉತ್ತರಕ್ಕೆ ಕಾಯಬೇಡಿ. ಅಂದೇ ದೂರು ಕೊಡಿ. ಗಿರವಿ ಅಂಗಡಿಗೂ ಸೆಕೆಂಡ್ ಹ್ಯಾಂಡ್ ಅಂಗಡಿಗೂ ಮಾಲು ಹೋಗಲು ಒಂದು ದಿನವೂ ಬೇಡ.

ಮೂರು ತಿಂಗಳ ಬಾಡಿಗೆ, ಕರೆಂಟ್ ಬಿಲ್ ಕೊಡದೆ ಹೋದ. ಇದೂ ಕಳವಲ್ಲವೇ?

ಅಲ್ಲ. ಅದು ಬಾಕಿ, ಸಿವಿಲ್ ವಿಷಯ. ನಿಮ್ಮ ವಶದಲ್ಲಿದ್ದ ವಸ್ತುವನ್ನು ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕವಾಗಿ ಒಯ್ದರೆ ಅದು ಕಳವು. ನೀವೇ "ರಿಪೇರಿಗೆ ಕೊಟ್ಟು ಬಾ" ಎಂದು ಕೊಟ್ಟ ಲ್ಯಾಪ್‌ಟಾಪನ್ನು ಹೊಡೆದುಕೊಂಡರೆ ಅದು ನಂಬಿಕೆ ದ್ರೋಹ, ಬಿಎನ್‌ಎಸ್ 316, ಐದು ವರ್ಷದವರೆಗೆ ಶಿಕ್ಷೆ. ಇಬ್ಬರೂ ದುಡ್ಡು ಹಾಕಿ ಕೊಂಡ ಫ್ರಿಜ್ ಒಯ್ದರೆ ಪೊಲೀಸರು ಸಾಮಾನ್ಯವಾಗಿ ಸಿವಿಲ್ ಜಗಳವೆಂದೇ ನೋಡುತ್ತಾರೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಂದೇ ದೂರಿನಲ್ಲಿ ಕದ್ದ ಉಂಗುರ, ಬಾಡಿಗೆ ಬಾಕಿ, ಕೈಸಾಲ ಎಲ್ಲ ಸೇರಿಸಿದರೆ "ಇದು ಹಣದ ವ್ಯವಹಾರ, ಕೋರ್ಟಿಗೆ ಹೋಗಿ" ಎಂಬ ಹಿಂಬರಹ ಕೈಗೆ ಬರುತ್ತದೆ, ಉಂಗುರವೂ ಅದರಲ್ಲೇ ಮುಳುಗುತ್ತದೆ. ಬಾಕಿಗೆ ಬೇರೆ ಕಾಗದ: ಲೆಕ್ಕ ಬರೆದು ನೋಟಿಸ್ ಕಳಿಸಿ, ಬಗೆಹರಿಯದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಹಾಕಿ ಲೋಕ ಅದಾಲತ್ತಿಗೆ ಒಯ್ಯಬಹುದು. ವಸೂಲಿ ದಾವೆಗೆ ಕಾಲಮಿತಿ ಮೂರು ವರ್ಷ.

ಗ್ಯಾಸ್ ಸಿಲಿಂಡರ್ ಬಗ್ಗೆ ಜಗಳ ಬಹಳ. ಕನೆಕ್ಷನ್ ಯಾರ ಹೆಸರಲ್ಲಿದೆಯೋ ಸಿಲಿಂಡರ್, ರೆಗ್ಯುಲೇಟರ್ ಎರಡೂ ಅವರ ಲೆಕ್ಕಕ್ಕೇ. ರೀಫಿಲ್‌ಗೆ ನೀವು ದುಡ್ಡು ಕೊಟ್ಟಿದ್ದರೆ ಅದು ಬಾಕಿ ಮಾತ್ರ. ವೈಫೈ ರೂಟರ್ ಎಷ್ಟೋ ಸಲ ಇಂಟರ್‌ನೆಟ್ ಕಂಪನಿಯದೇ ಆಗಿರುತ್ತದೆ.

ಪಿಜಿಯಲ್ಲಿ ಕ್ಯಾಮೆರಾ ಇದೆ, ಆದರೆ ಓನರ್ ತೋರಿಸಲ್ಲ ಅಂತಾರೆ.

ತೋರಿಸದಿದ್ದರೂ ಅಳಿಸದಂತೆ ನೋಡಿಕೊಳ್ಳುವುದು ಈಗಿನ ತುರ್ತು. ದೃಶ್ಯ ದಾಖಲಿಸುವ ಪೆಟ್ಟಿಗೆ (ಡಿವಿಆರ್) ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತ ಹೋಗುತ್ತದೆ. ಸಣ್ಣ ಹಾರ್ಡ್ ಡಿಸ್ಕ್ ಇದ್ದರೆ ಒಂದೆರಡು ವಾರದಲ್ಲೇ ಆ ದಿನ ಮಾಯ. 2024ರಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ಹೊರಡಿಸಿದ ಮಾರ್ಗಸೂಚಿ 90 ದಿನದ ದೃಶ್ಯ ಉಳಿಸಿಡಬೇಕು ಎನ್ನುತ್ತದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಅಂದೇ ಓನರ್‌ಗೆ ವಾಟ್ಸಾಪಿನಲ್ಲಿ ಬರೆಯಿರಿ: "ಇಂಥ ದಿನ ಬೆಳಿಗ್ಗೆ 8ರಿಂದ ರಾತ್ರಿ 10ರವರೆಗಿನ ದೃಶ್ಯ ದಯವಿಟ್ಟು ಅಳಿಸದೆ ಇಡಿ, ಪೊಲೀಸ್ ದೂರು ಕೊಡುತ್ತಿದ್ದೇನೆ." ದೂರಿನಲ್ಲೂ ಕ್ಯಾಮೆರಾ ಎಲ್ಲೆಲ್ಲಿದೆ ಎಂದು ನಮೂದಿಸಿ. ತನಿಖಾಧಿಕಾರಿ ಬಿಎನ್‌ಎಸ್‌ಎಸ್ 94ರಡಿ ನೋಟಿಸ್ ಕೊಟ್ಟು ತರಿಸಿಕೊಳ್ಳಬಹುದು.

ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ಸುಳಿವಿಗೆ ಆದೀತು, ಸಾಕ್ಷ್ಯಕ್ಕೆ ಸಾಲದು. ಡಿವಿಆರ್‌ನಿಂದ ನೇರವಾಗಿ ಪೆನ್‌ಡ್ರೈವಿಗೆ ತೆಗೆದ ಪ್ರತಿ, ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಇನ್ನೊಂದು ಸಣ್ಣ ಕೆಲಸ: ಡಿವಿಆರ್ ತೋರಿಸುವ ಗಡಿಯಾರ, ನಿಮ್ಮ ಫೋನಿನ ಗಡಿಯಾರ ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯಿರಿ. ಡಿವಿಆರ್ ಹೊತ್ತು ಅರ್ಧ ಗಂಟೆ ಹಿಂದೆ ಮುಂದೆ ಇರುವುದು ತೀರಾ ಸಾಮಾನ್ಯ. ಆ ಅರ್ಧ ಗಂಟೆಯಲ್ಲೇ "ನಾನಾಗ ಅಲ್ಲಿರಲಿಲ್ಲ" ಎಂಬ ವಾದ ಹುಟ್ಟುತ್ತದೆ.

ಅಪಾರ್ಟ್‌ಮೆಂಟ್ ಆದರೆ ಗೇಟಿನ ನೋಂದಣಿ, ಸಾಮಾನು ಸಾಗಿಸಲು ಕೊಟ್ಟ ಪಾಸ್, ಬಂದ ಟೆಂಪೊ ಅಥವಾ ಕ್ಯಾಬಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ಇ-ಲಾಸ್ಟ್‌ನಲ್ಲಿ ವರದಿ ಹಾಕಿದ್ದೇನೆ. ಸಾಕಲ್ಲವೇ?

ಸಾಲದು. ಇಲ್ಲಿ ಎಡವುವವರೇ ಹೆಚ್ಚು. ಪೊಲೀಸರ ಆನ್‌ಲೈನ್ ವ್ಯವಸ್ಥೆಯಾದ ಇ-ಲಾಸ್ಟ್ ಇರುವುದು ನೀವಾಗಿ ಕಳೆದುಕೊಂಡ ವಸ್ತುಗಳಿಗೆ. ಬಸ್ಸಿನಲ್ಲಿ ಬಿಟ್ಟ ಪರ್ಸ್, ಎಲ್ಲೋ ಬಿದ್ದ ಲೈಸೆನ್ಸ್. ಅದರ ಮೇಲೆ ತನಿಖೆ ನಡೆಯುವುದಿಲ್ಲ. ಜೊತೆಗೆ "ಕಳೆದುಹೋಗಿದೆ" ಎಂದು ನೀವೇ ಬರೆದುಕೊಟ್ಟ ಕಾಗದ ಮುಂದೆ "ಕದ್ದಿದ್ದಾರೆ" ಎನ್ನುವಾಗ ಅಡ್ಡ ಬರುತ್ತದೆ. ಆಗಲೇ ಹಾಕಿದ್ದರೆ ಗಾಬರಿ ಬೇಡ, ದೂರಿನಲ್ಲಿ "ಮೊದಲು ಕಳೆದಿದೆ ಎಂದು ಭಾವಿಸಿ ವರದಿ ಹಾಕಿದ್ದೆ, ನಂತರ ಈ ಕಾರಣಗಳಿಂದ ಕಳವು ಎಂದು ತಿಳಿಯಿತು" ಎಂದು ಸೇರಿಸಿ.

ದೂರು ಹೇಗೆ ಬರೆಯಬೇಕು?

ಕೈಬರಹ ಸಾಕು, ಕನ್ನಡ ಸಾಕು. ಒಂದೂವರೆ ಪುಟ ದಾಟಬೇಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಠಾಣೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಹೀಗಿರಲಿ:

"ಗೆ, ಠಾಣಾಧಿಕಾರಿಯವರು, ……… ಪೊಲೀಸ್ ಠಾಣೆ. ವಿಷಯ: ವಾಸದ ಮನೆಯಲ್ಲಿ ನಡೆದ ಕಳವಿನ ಬಗ್ಗೆ ದೂರು. ನಾನು ……… ವಿಳಾಸದಲ್ಲಿ ……… ತಿಂಗಳಿನಿಂದ ವಾಸವಾಗಿದ್ದು, ………ರವರು ಅದೇ ಕೋಣೆಯಲ್ಲಿ ಇದ್ದರು. ದಿನಾಂಕ ……… ರಂದು ಬೆಳಿಗ್ಗೆ ……… ಗಂಟೆಗೆ ನಾನು ಕೆಲಸಕ್ಕೆ ಹೋಗುವಾಗ ಕೆಳಗಿನ ವಸ್ತುಗಳು ನನ್ನ ಬೀರುವಿನಲ್ಲಿದ್ದವು. ಸಂಜೆ ……… ಗಂಟೆಗೆ ವಾಪಸ್ ಬಂದಾಗ ಅವು ಇರಲಿಲ್ಲ. ಸದರಿಯವರು ತಿಳಿಸದೆ ಕೋಣೆ ಖಾಲಿ ಮಾಡಿದ್ದರು. ಅವರ ಮೇಲೆ ಅನುಮಾನವಿದ್ದು, ಕಾರಣಗಳು: ……… ಕಳವಾದ ವಸ್ತುಗಳ ವಿವರ ಮತ್ತು ಅಂದಾಜು ಮೌಲ್ಯ: ……… ಪ್ರಕರಣ ದಾಖಲಿಸಿ, ವಸ್ತುಗಳನ್ನು ಪತ್ತೆಮಾಡಿ ಕೊಡಬೇಕೆಂದು ಕೋರುತ್ತೇನೆ."

ಜೊತೆಗೆ ಬಿಲ್‌ಗಳ ನಕಲು, ಫೋಟೊ, ಮೆಸೇಜ್‌ಗಳ ಪ್ರಿಂಟ್, ನಿಮ್ಮ ಗುರುತಿನ ಚೀಟಿ, ಬಾಡಿಗೆ ಕರಾರು ಅಥವಾ ಪಿಜಿ ರಸೀದಿ ಇಡಿ. ಮೌಲ್ಯವನ್ನು ಉಬ್ಬಿಸಬೇಡಿ. 60,000ಕ್ಕೆ ಕೊಂಡ ಮೂರು ವರ್ಷದ ಲ್ಯಾಪ್‌ಟಾಪಿಗೆ ಕೊಂಡ ಬೆಲೆ, ಈಗಿನ ಅಂದಾಜು ಎರಡನ್ನೂ ಬರೆದರೆ ಯಾರೂ ಬೆರಳು ತೋರಿಸಲಾರರು. ತಡವಾಗಿ ದೂರು ಕೊಡುತ್ತಿದ್ದರೆ ತಡವಾದ ಕಾರಣಕ್ಕೆ ಒಂದು ಸಾಲು ಮೀಸಲಿಡಿ.

ಎಫ್‌ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಸಿಗಬೇಕು, ಅದು ನಿಮ್ಮ ಹಕ್ಕು. ನಂತರ ಪೊಲೀಸರು ಬಂದು ಪಂಚರ (ಸಾಕ್ಷಿಗಳ) ಮುಂದೆ ಸ್ಥಳ ನೋಡಿ ಬರೆದುಕೊಳ್ಳುವ ಮಹಜರು ಮಾಡುತ್ತಾರೆ. ಆ ದಿನ ನೀವು ಇರಬೇಕು, ಓದಿಯೇ ಸಹಿ ಹಾಕಬೇಕು.

ಠಾಣೆಯಲ್ಲಿ "ರೂಮ್‌ಮೇಟ್ ಜಗಳ, ನೀವೇ ಮಾತಾಡಿಕೊಳ್ಳಿ" ಅಂತಾರೆ.

ಗಲಾಟೆ ಮಾಡದೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಕೇಳಿ. ಸಂಜ್ಞೇಯ (ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ) ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಕೆಲವು ಅಪರಾಧಗಳಲ್ಲಿ ಮೇಲಧಿಕಾರಿಯ ಅನುಮತಿಯೊಂದಿಗೆ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. ಹಾಗಾಗಿ "ವಿಚಾರಣೆ ಮಾಡ್ತೀವಿ" ಎಂದರೆ ಅದು ನಿರಾಕರಣೆಯೇ ಎಂದುಕೊಳ್ಳಬೇಡಿ, ಯಾವ ದಿನಕ್ಕೆ ಮತ್ತೆ ಬರಲಿ ಎಂದು ಕೇಳಿ.

ಸ್ಪಷ್ಟವಾಗಿ ಆಗಲ್ಲ ಎಂದರೆ ದೂರಿನ ಸಾರವನ್ನು ಬರಹದಲ್ಲಿ ಜಿಲ್ಲೆಯಲ್ಲಾದರೆ ಎಸ್ಪಿಗೆ, ಬೆಂಗಳೂರಿನಲ್ಲಾದರೆ ಆ ವಿಭಾಗದ ಡಿಸಿಪಿಗೆ ಅಂಚೆಯಲ್ಲಿ ಕಳಿಸಿ. ಅದು ಬಿಎನ್‌ಎಸ್‌ಎಸ್ 173(4). ಅಲ್ಲೂ ಆಗದಿದ್ದರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟರಿಗೆ 175(3)ರ ಅರ್ಜಿ. ಹಿಂದಿನ ಎರಡು ಮೆಟ್ಟಿಲು ಹತ್ತಿದ ದಾಖಲೆ ಇಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ನಿಲ್ಲುವುದು ಕಷ್ಟ. ಅದಕ್ಕೇ ಆ ಮೊಹರು, ಅಂಚೆ ರಸೀದಿ ಜೋಪಾನ.

ಹೋದದ್ದು ಬರೀ 3,000 ರೂಪಾಯಿ ಮೌಲ್ಯದ ವಸ್ತು. ದೂರು ಕೊಡಬಹುದೆ?

ಕೊಡಬಹುದು. ಮಾಮೂಲಿ ಕಳವು ಬಿಎನ್‌ಎಸ್ 303(2), ಮೂರು ವರ್ಷದವರೆಗೆ ಶಿಕ್ಷೆ. ಇದರಲ್ಲಿ ಮೌಲ್ಯ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮೊದಲ ಸಲ ಶಿಕ್ಷೆಗೆ ಒಳಗಾಗುವವರು ವಸ್ತು ಅಥವಾ ಅದರ ಬೆಲೆ ಹಿಂದಿರುಗಿಸಿದರೆ ಸಮುದಾಯ ಸೇವೆಯಲ್ಲೇ ಮುಗಿಯುತ್ತದೆ. ಆದರೆ ವಾಸದ ಮನೆಯೊಳಗಿನ ಕಳವಿಗೆ 305ನೇ ಕಲಂ ಬೇರೆಯೇ ಇದೆ. ಏಳು ವರ್ಷದವರೆಗೆ ಶಿಕ್ಷೆ, ಮೌಲ್ಯದ ಮಿತಿ ಇಲ್ಲ, ಸಂಜ್ಞೇಯ. ಕದ್ದವರೂ ಅದೇ ಮನೆಯಲ್ಲಿ ಇದ್ದರು ಎಂಬುದರಿಂದ ಅದು ವಾಸದ ಮನೆ ಅಲ್ಲದಂತಾಗುವುದಿಲ್ಲ. ದೂರಿನ ವಿಷಯದಲ್ಲಿ "ವಾಸದ ಮನೆಯಲ್ಲಿ" ಎಂದು ಬರೆಯಲು ಹೇಳಿದ್ದು ಇದಕ್ಕೇ.

ಫೋನ್ ಒಯ್ದಿದ್ದಾಳೆ. ಬ್ಲಾಕ್ ಮಾಡಿದರೆ ಪೊಲೀಸರಿಗೆ ಪತ್ತೆ ಹಚ್ಚಲು ಆಗಲ್ವಂತೆ, ನಿಜವೇ?

ನಿಜವಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ವ್ಯವಸ್ಥೆಯಲ್ಲಿ ಬ್ಲಾಕ್ ಮಾಡಿದ ಫೋನಿಗೆ ಯಾರಾದರೂ ಹೊಸ ಸಿಮ್ ಹಾಕಿದರೆ ಅದರ ಸುಳಿವು ಪೊಲೀಸರಿಗೆ ಸಿಗುತ್ತದೆ. ಬೇಕಾದದ್ದು: ಐಎಂಇಐ ನಂಬರ್ (ಫೋನಿನ ಗುರುತು ಸಂಖ್ಯೆ, ಎರಡು ಸಿಮ್ಮಿನ ಫೋನಿಗೆ ಎರಡು), ಪೊಲೀಸ್ ದೂರಿನ ಪ್ರತಿ, ಬಿಲ್, ಗುರುತಿನ ಚೀಟಿ, ಅದೇ ನಂಬರಿನ ಡೂಪ್ಲಿಕೇಟ್ ಸಿಮ್. ಹೊಸ ಸಿಮ್ಮಿಗೆ ಮೊದಲ 24 ಗಂಟೆ ಎಸ್ಎಂಎಸ್ ಬರುವುದಿಲ್ಲ, ಆದ್ದರಿಂದ ಓಟಿಪಿ ಬರಲಿಲ್ಲ ಎಂದು ಮತ್ತೆ ಮತ್ತೆ ಪ್ರಯತ್ನಿಸಬೇಡಿ, ಮಾರನೆಯ ದಿನ ಮಾಡಿ. ಅರ್ಜಿ ಸ್ವೀಕಾರವಾದ 24 ಗಂಟೆಯೊಳಗೆ ಎಲ್ಲ ಕಂಪನಿಗಳ ನೆಟ್‌ವರ್ಕಿನಲ್ಲೂ ಬ್ಲಾಕ್ ಆಗುತ್ತದೆ. ಕೊಟ್ಟ ರಿಕ್ವೆಸ್ಟ್ ಐಡಿ ಬರೆದಿಟ್ಟುಕೊಳ್ಳಿ, ಫೋನ್ ಸಿಕ್ಕ ಮೇಲೆ ಅನ್‌ಬ್ಲಾಕ್ ಮಾಡಲು ಅದೇ ಬೇಕು.

ಐಎಂಇಐ ಡಬ್ಬ, ಬಿಲ್ಲಿನ ಮೇಲಿರುತ್ತದೆ. *#06# ಒತ್ತಿ ಈಗಿರುವ ಫೋನಿನದನ್ನೂ ಇವತ್ತೇ ಬರೆದಿಡಿ. ಐಫೋನ್ ಆದರೆ "ಲಾಸ್ಟ್" ಎಂದು ಗುರುತು ಮಾಡಿ, ಖಾತೆಯಿಂದ ಮಾತ್ರ ತೆಗೆಯಬೇಡಿ. ತೆಗೆದರೆ ಬೇರೆಯವರು ಬಳಸದಂತೆ ತಡೆಯುವ ಆಕ್ಟಿವೇಶನ್ ಲಾಕ್ ಬಿಟ್ಟುಹೋಗಿ ಕದ್ದವರಿಗೇ ಅನುಕೂಲ. ಮ್ಯಾಪಿನಲ್ಲಿ ಲೊಕೇಶನ್ ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಕೊಡಿ, ಒಬ್ಬರೇ ಆ ಮನೆಗೆ ಹೋಗಬೇಡಿ.

ನನ್ನ ಫೋನ್ ತೆಗೆದು ಯುಪಿಐನಲ್ಲಿ ದುಡ್ಡು ಹಾಕಿಕೊಂಡಿದ್ದಾನೆ. ಪಿನ್ ಅವನಿಗೆ ಗೊತ್ತಿತ್ತು.

ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ಎರಡೂ ಕಡೆ ದೂರಿನ ಸಂಖ್ಯೆ ಪಡೆಯಿರಿ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯಬಹುದು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ನಿಮ್ಮ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಪಿನ್ ನೀವೇ ಹೇಳಿಕೊಟ್ಟಿದ್ದರೆ ಅದು ನಿರ್ಲಕ್ಷ್ಯ, ತಿಳಿಸುವ ಹೊತ್ತಿನವರೆಗಿನ ನಷ್ಟ ನಿಮಗೇ. ತಿಳಿಸಿದ ನಂತರದ್ದು ಬ್ಯಾಂಕಿನದು. ಕದ್ದವರ ಮೇಲಿನ ಕ್ರಿಮಿನಲ್ ದೂರು ಎರಡೂ ಸಂದರ್ಭದಲ್ಲಿ ನಿಲ್ಲುತ್ತದೆ. ಇನ್ನೊಬ್ಬರ ಪಾಸ್‌ವರ್ಡ್ ಮೋಸದಿಂದ ಬಳಸುವುದು ಐಟಿ ಕಾಯ್ದೆಯ 66ಸಿ ಅಡಿಯೂ ಅಪರಾಧ.

ಅಮ್ಮ ಕೊಟ್ಟ ಸರ ಹೋಗಿದೆ. ಚಿನ್ನ ಗುರುತಿಸುವುದು ಹೇಗೆ?

ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ. 2023ರ ಏಪ್ರಿಲ್ 1ರಿಂದ ಮಾರಾಟಕ್ಕೆ ಅದು ಕಡ್ಡಾಯ. ಒಂದೊಂದು ಒಡವೆಗೂ ಒಂದೊಂದು ಸಂಖ್ಯೆ. ಬಿಲ್ಲಿನಲ್ಲಿ ಇದ್ದರೆ ದೂರಿನಲ್ಲಿ ಬರೆಯಿರಿ. ಅದಕ್ಕಿಂತ ಹಳೆಯ ಒಡವೆಗೆ ಗ್ರಾಂ ತೂಕ, ವಿನ್ಯಾಸ, ಬೆಸುಗೆ ಹಾಕಿಸಿದ ಜಾಗ, ಕೊಂಡಿಯ ಬಗೆ, ತೊಟ್ಟಿರುವ ಫೋಟೊ ಕೊಡಿ. ಮದುವೆ, ಗೃಹಪ್ರವೇಶದ ಆಲ್ಬಂಗಳು ಇಲ್ಲಿ ನೆರವಾಗುತ್ತವೆ. ಗಿರವಿ ಇಟ್ಟ ಮಾಲನ್ನು ಪೊಲೀಸರು ಜಪ್ತಿ ಮಾಡಬಹುದು. ಕದ್ದದ್ದೆಂದು ತಿಳಿದೂ ಪಡೆದರೆ ಅಂಗಡಿಯವರ ಮೇಲೂ ಬಿಎನ್‌ಎಸ್ 317ರಡಿ ಪ್ರಕರಣವಾಗುತ್ತದೆ. ನೀವೇ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬಿಡಿಸಿಕೊಳ್ಳಲು ಹೋಗಬೇಡಿ, ಒಡವೆ ಕರಗಿಸಲು ಅದೇ ಎಚ್ಚರಿಕೆಯ ಗಂಟೆಯಾಗುತ್ತದೆ.

ಆಫೀಸಿನ ಲ್ಯಾಪ್‌ಟಾಪ್, ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್?

ಲ್ಯಾಪ್‌ಟಾಪ್ ಹೋದದ್ದನ್ನು ಅದೇ ಗಂಟೆ ಆಫೀಸಿನ ಐಟಿ ವಿಭಾಗಕ್ಕೆ ಬರಹದಲ್ಲಿ ತಿಳಿಸಿ. ದೂರದಿಂದಲೇ ಲಾಕ್ ಮಾಡುವುದು ಅವರಿಗೆ ಸಾಧ್ಯ, ಸೀರಿಯಲ್ ನಂಬರೂ ಅವರ ಬಳಿಯೇ ಇದೆ. ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟಿನ ಎರಡನೇ ಪ್ರತಿಗೆ ಪೊಲೀಸ್ ದಾಖಲೆ ಬೇಕಾಗುವುದರಿಂದ ದೂರಿನಲ್ಲಿ ಅವುಗಳ ಸಂಖ್ಯೆ ಸಮೇತ ಬರೆಯಿರಿ. ಚೆಕ್ ಪುಸ್ತಕಕ್ಕೆ ಸ್ಟಾಪ್ ಪೇಮೆಂಟ್ ಮರೆಯಬೇಡಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ.

ಅವನು ಊರಿಗೆ, ಬೇರೆ ರಾಜ್ಯಕ್ಕೆ ಹೋಗಿಬಿಟ್ಟಿದ್ದಾನೆ.

ಕಳವು ಎಲ್ಲಿ ನಡೆಯಿತೋ ಆ ಠಾಣೆಗೇ ತನಿಖೆಯ ಹೊಣೆ. ನೀವು ಅವರ ಊರಿಗೆ ಹೋಗಬೇಕಿಲ್ಲ. ಹಬ್ಬಕ್ಕೆ ಹಾಸನಕ್ಕೆ ಹೋಗಿದ್ದಾಗ ವಿಷಯ ತಿಳಿದರೆ ಅಲ್ಲಿಯೇ ಝೀರೋ ಎಫ್‌ಐಆರ್ ಕೊಡಬಹುದು, ಅದು ಬೆಂಗಳೂರಿನ ಠಾಣೆಗೆ ವರ್ಗವಾಗುತ್ತದೆ. ಇಮೇಲ್ ಮುಂತಾದ ಮಾರ್ಗದಲ್ಲಿ ಮಾಹಿತಿ ಕೊಟ್ಟರೆ ಮೂರು ದಿನದೊಳಗೆ ಖುದ್ದು ಹೋಗಿ ಸಹಿ ಹಾಕಬೇಕು. ಅವರ ಆಧಾರ್ ಪ್ರತಿ, ಊರಿನ ವಿಳಾಸ ಪಿಜಿ ರಿಜಿಸ್ಟರಿನಲ್ಲಿರುತ್ತದೆ. ಓನರ್ ಅದನ್ನು ನಿಮಗೆ ಕೊಡದೆ ಪೊಲೀಸರಿಗೆ ಕೊಟ್ಟರೆ ಅದೇ ಸರಿಯಾದ ಕ್ರಮ.

ಅವನ ಸೂಟ್‌ಕೇಸ್ ಇಲ್ಲೇ ಇದೆ, ಅಡ್ವಾನ್ಸ್‌ನಲ್ಲಿ ಅವನ ಪಾಲೂ ಇದೆ. ಹಿಡಿದಿಟ್ಟುಕೊಳ್ಳಲೇ?

ಸೂಟ್‌ಕೇಸ್ ಹಿಡಿದಿಟ್ಟುಕೊಂಡರೆ, ಮಾರಿದರೆ, ಬಿಸಾಡಿದರೆ ದೂರು ತಿರುಗಿ ನಿಮ್ಮ ಮೇಲೆ ಬರುತ್ತದೆ. ಸರ್ಟಿಫಿಕೇಟ್‌ಗಳನ್ನು ತಡೆಹಿಡಿಯುವುದಂತೂ ಬೇಡವೇ ಬೇಡ. ಓನರ್ ಎದುರಿಗೆ ತೆರೆದು ಪಟ್ಟಿ ಮಾಡಿ, ಫೋಟೊ ತೆಗೆದು, ಕಟ್ಟಿ ಇಡಿ. ಪೊಲೀಸರಿಗೆ ತಿಳಿಸಿ, ಅವರು ಬೇಡವೆಂದರೆ "15 ದಿನದೊಳಗೆ ಬಂದು ಒಯ್ಯಿರಿ" ಎಂದು ಮೆಸೇಜ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಬರೆಯಿರಿ. ಒಯ್ಯುವಾಗ ಸಹಿ ಪಡೆಯಿರಿ.

ಅಡ್ವಾನ್ಸ್ ಪಾಲಿನಿಂದ ಬಾಡಿಗೆ, ಕರೆಂಟ್ ಬಾಕಿಯನ್ನು ಲೆಕ್ಕ ತೋರಿಸಿ ಕಳೆಯುವ ಮಾತು ಆಡಬಹುದು. ಕಳವಿನ ಮೌಲ್ಯವನ್ನು ನೀವಾಗಿಯೇ ಮುರಿದುಕೊಳ್ಳಬೇಡಿ, ಲಿಖಿತ ಒಪ್ಪಿಗೆ ಇದ್ದರೆ ಮಾತ್ರ. ಇನ್ನೊಂದು ಎಚ್ಚರಿಕೆ: ಪೂರ್ತಿ ಅಡ್ವಾನ್ಸ್ ಹೋದವರ ಖಾತೆಯಿಂದಲೇ ಓನರ್‌ಗೆ ಹೋಗಿದ್ದರೆ, ಓನರ್ ಅದನ್ನು ಅವರಿಗೇ ವಾಪಸ್ ಹಾಕುವ ಮೊದಲು ನಿಮ್ಮ ಪಾಲಿನ ದಾಖಲೆ ಕಳಿಸಿ. ಮನೆ ಕರಾರಿನಲ್ಲಿ ಇಬ್ಬರ ಹೆಸರೂ ಇದ್ದರೆ ಖಾಲಿ ಮಾಡಿದ ದಿನಾಂಕ, ಮೀಟರ್ ರೀಡಿಂಗ್ ಫೋಟೊ ಸಮೇತ ಓನರ್‌ಗೆ ಬರೆದು ಹೊಸ ಕರಾರು ಮಾಡಿಸಿ.

ಬೀಗ ಅಂದೇ ಬದಲಿಸಿ, ಮಹಜರು ಆಗುವವರೆಗೆ ಹಳೆಯ ಬೀಗವನ್ನು ಎತ್ತಿಡಿ. ಬಾಗಿಲಿನೊಳಗೆ ಕೂರಿಸಿದ ಬೀಗವಾದರೆ ಇಡೀ ಬೀಗ ಬೇಡ, ಸಿಲಿಂಡರ್ ಮಾತ್ರ ಬದಲಿಸಿದರೆ ಸಾಕು.

ಅವಳ ಅಪ್ಪ ಅಮ್ಮ "ವಾಪಸ್ ಕೊಡ್ತೀವಿ, ಕೇಸ್ ಬೇಡ" ಅಂತಿದ್ದಾರೆ.

ವಸ್ತು ಸಿಗುವುದೇ ಮುಖ್ಯವೆಂದರೆ ಒಪ್ಪಿ, ತಪ್ಪೇನಿಲ್ಲ. ಚಿಕ್ಕ ವಯಸ್ಸಿನವರ ಮೊದಲ ತಪ್ಪಾದರೆ ಇದು ಒಳ್ಳೆಯ ದಾರಿಯೂ ಹೌದು. ಆದರೆ ಮೊದಲು ವಸ್ತು, ಆಮೇಲೆ ಸಹಿ. "ದೂರು ಹಿಂಪಡೆಯಿರಿ, ನಾಳೆ ಕೊಡ್ತೀವಿ" ಎಂಬುದನ್ನು ಒಪ್ಪಬೇಡಿ. ಠಾಣೆಯಲ್ಲಿ ಮುಚ್ಚಳಿಕೆ ಬರೆಸುವಾಗ ಹಿಂದಿರುಗಿದ ಪ್ರತಿ ವಸ್ತು, ಇನ್ನೂ ಬರಬೇಕಾದದ್ದು, ಕೊಡುವ ದಿನಾಂಕ ಇರಲಿ. ದುಡ್ಡು ನಗದಾಗಿ ಬೇಡ, ಬ್ಯಾಂಕ್ ಮೂಲಕ. ಎಫ್‌ಐಆರ್ ಆಗಿಬಿಟ್ಟಿದ್ದರೆ ಠಾಣೆಯಲ್ಲಿ "ಹಿಂಪಡೆಯುವುದು" ಎಂಬುದಿಲ್ಲ, ರಾಜಿಯೂ ನ್ಯಾಯಾಲಯದ ಮೂಲಕವೇ ಆಗಬೇಕು.

ಪೊಲೀಸರಿಗೆ ವಸ್ತು ಸಿಕ್ಕಿದೆಯಂತೆ. ನನ್ನ ಕೈಗೆ ಯಾವಾಗ?

ಜಪ್ತಿಯಾದ ಮಾಲು ನ್ಯಾಯಾಲಯದ ಆದೇಶದಿಂದ ಬಿಡುಗಡೆಯಾಗುತ್ತದೆ. ಕೇಸ್ ಮುಗಿಯುವವರೆಗೆ ಕಾಯಬೇಕಿಲ್ಲ. ಬಿಎನ್‌ಎಸ್‌ಎಸ್ 497 ಅಥವಾ 503ರಡಿ ಮಧ್ಯಂತರ ವಶಕ್ಕೆ ಅರ್ಜಿ ಹಾಕಿ, ಬಿಲ್ ತೋರಿಸಿ, ಬಾಂಡ್ ಬರೆದುಕೊಟ್ಟು ಪಡೆಯಬಹುದು. ಮಾಲು ಠಾಣೆಯಲ್ಲಿ ಕೊಳೆಯಬಾರದು, ಫೋಟೊ ಮತ್ತು ಪಂಚನಾಮೆ ಮಾಡಿ ಬೇಗ ಕೊಡಿ ಎಂದು ಸುಪ್ರೀಂ ಕೋರ್ಟ್ 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲೇ ಹೇಳಿದೆ. ಸಿಕ್ಕ ಫೋನನ್ನು ಕೇಸ್ ಮುಗಿಯುವ ತನಕ ಮಾರುವಂತಿಲ್ಲ, ಕೇಳಿದಾಗ ಹಾಜರುಪಡಿಸಬೇಕು.

ಮೂರು ತಿಂಗಳಾಯಿತು, ಸುದ್ದಿಯೇ ಇಲ್ಲ.

ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ಬಿಎನ್‌ಎಸ್‌ಎಸ್ 193 ಹೇಳುತ್ತದೆ. ಎಫ್‌ಐಆರ್ ಸಂಖ್ಯೆ ಬರೆದು ತನಿಖಾಧಿಕಾರಿಗೆ ಪತ್ರ ಕೊಡಿ. ಪತ್ತೆಯಾಗಲಿಲ್ಲವೆಂದು ಮುಗಿಸಿದರೆ ಅದು "ಸಿ ರಿಪೋರ್ಟ್", ಹೊಸ ಸುಳಿವು ಸಿಕ್ಕರೆ ಮತ್ತೆ ತೆರೆಯಬಹುದು. ದೂರೇ ಸುಳ್ಳು ಅಥವಾ ಸಿವಿಲ್ ಸ್ವರೂಪದ್ದು ಎಂದರೆ "ಬಿ ರಿಪೋರ್ಟ್", ಅದರ ವಿರುದ್ಧ ಮ್ಯಾಜಿಸ್ಟ್ರೇಟರ ಮುಂದೆ ತಕರಾರು ಅರ್ಜಿ ಹಾಕಲು ನಿಮಗೆ ಅವಕಾಶವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಬೇರೆಯವರು ಮೋಸ ಹೋಗದಿರಲಿ ಅಂತ ಅವನ ಫೋಟೊ ಗ್ರೂಪುಗಳಲ್ಲಿ ಹಾಕಲೇ?

ಬೇಡ. ಸಾಬೀತಾಗುವ ಮುನ್ನ "ಕಳ್ಳ" ಎಂದು ಫೋಟೊ ಹಾಕಿದರೆ ಬಿಎನ್‌ಎಸ್ 356ರ ಮಾನಹಾನಿ ದೂರಿಗೆ ನೀವೇ ದಾರಿ ಮಾಡಿಕೊಟ್ಟಂತೆ, ಅವರು ಎಚ್ಚೆತ್ತು ಮಾಲನ್ನೂ ಸಾಗಿಸುತ್ತಾರೆ. ಅದೇ ಪಿಜಿಯ ಉಳಿದವರಿಗೆ "ನನ್ನ ಕೋಣೆಯಲ್ಲಿ ಕಳವಾಗಿದೆ, ದೂರು ಕೊಟ್ಟಿದ್ದೇನೆ, ನಿಮ್ಮ ವಸ್ತುಗಳನ್ನೂ ನೋಡಿಕೊಳ್ಳಿ" ಎಂದು ಹೆಸರೆತ್ತದೆ ಹೇಳಬಹುದು. ಇನ್ನೊಬ್ಬರದೂ ಹೋಗಿದ್ದರೆ ಅವರದೂ ಒಂದು ಪ್ರತ್ಯೇಕ ದೂರು ಬರಲಿ. ಒಬ್ಬರ ಮಾತಿಗಿಂತ ಇಬ್ಬರ ದೂರಿಗೆ ಠಾಣೆಯಲ್ಲಿ ತೂಕ ಹೆಚ್ಚು.